ಮರಳಿ ಬಂದ ಮರಳು

ನದಿಯ ನೀರಿಗಾಗಿ ಎರಡು ರಾಜ್ಯಗಳು ವ್ಯಾಜ್ಯ ಹೂಡುವುದು ನಮಗೆ ಹೊಸ ಸಂಗತಿಯಲ್ಲ. ಕಾವೇರಿಯ ಹೆಸರೆತ್ತಿದರೆ ಸಾಕು, ನಮ್ಮ ಮನೆಯ ಮಕ್ಕಳು ಕೂಡ ಮೇಲಿನವರ ವಾದವನ್ನೂ ಕೆಳಗಿನವರ ದೂರನ್ನೂ ಒಪ್ಪಿಸಬಲ್ಲರು. ಆದರೆ ನೀರಿಗಲ್ಲ, ಮರಳಿಗಾಗಿ, ಅದೂ ಯಾರೂ ಬಿತ್ತದೆ ಬೆಳೆಯದೆ ಕಡಲ ದಂಡೆಯಲ್ಲಿ ಸುಮ್ಮನೆ ಬಿದ್ದಿರುವ ಮರಳಿಗಾಗಿ, ಎರಡು ರಾಜ್ಯಗಳು ದಶಕಗಳ ಕಾಲ ಮನಸ್ತಾಪ ಬೆಳೆಸಿಕೊಂಡು, ಕೊನೆಗೆ ಶಾಸನವನ್ನೇ ಮಾಡಿ ಸಮಾಧಾನ ಹೊಂದಿದುವೆಂದರೆ ವಾಚಕರು ನಂಬುವರೋ ಇಲ್ಲವೋ! ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಇಂಥದೊಂದು ಸಂಗತಿ ನಡೆದಿದೆ. ಅದರ ಕಡೆಗೆ ನನ್ನ ಕಣ್ಣು ತೆರೆಸಿದ್ದು ನನ್ನ ಮಗಳು ಕೇಳಿದ ಒಂದು ಪ್ರಶ್ನೆ.

2023ರ ಬೇಸಗೆಯ ರಜೆಯಲ್ಲಿ ನಾವು ಮೂವರು ಬ್ರಿಸ್ಬೇನ್ ನಗರದಲ್ಲಿ ನೆಲೆಸಿರುವ ಅಕ್ಕ-ಭಾವನವರ ಮನೆಗೆ ಹೋಗಿದ್ದೆವು. ನಮಗೆ ಬೇಸಗೆ, ಅವರಿಗೆ ಚಳಿಗಾಲದ ಹೊಸ್ತಿಲು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ದಕ್ಷಿಣಕ್ಕಿರುವ ಗೋಲ್ಡ್ ಕೋಸ್ಟ್ ಎಂಬ ವಿಹಾರಸ್ಥಾನಕ್ಕೆ ಹೊರಟೆವು. ಹೆಸರಿನ ಅರ್ಥ ಚಿನ್ನದ ಕರಾವಳಿ. ಐವತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ ಹೊಂಬಣ್ಣದ ದಂಡೆ. ಅದರ ಬೆನ್ನಿಗೇ ಆಕಾಶಕ್ಕೆ ಏಣಿ ಹಾಕಿದಂತಹ ಬಹುಮಹಡಿ ಹೋಟೆಲುಗಳು. ಅದರ ನಡುಭಾಗಕ್ಕೆ ‘ಸರ್ಫರ್ಸ್ ಪ್ಯಾರಡೈಸ್’ ಎಂದು ಹೆಸರು, ಎಂದರೆ ಅಲೆಯ ಮೇಲೆ ಹಲಗೆ ಹತ್ತಿ ಆಡುವವರ ಸ್ವರ್ಗ. ಮೊದಲು ಎಲ್ಸ್ಟನ್ ಎಂದಿದ್ದ ಊರಿಗೆ 1933ರಲ್ಲಿ ಈ ಆಕರ್ಷಕ ನಾಮಧೇಯವನ್ನಿಟ್ಟರಂತೆ.

ಅಲ್ಲಿ ನನ್ನ ಏಳು ವರ್ಷದ ಮಗಳು ಮರಳಿನಲ್ಲಿ ಮನೆ ಕಟ್ಟಿದಳು. ಅಂಗಳವಾಯಿತು, ತುಳಸೀಕಟ್ಟೆಯಾಯಿತು. ಅಷ್ಟರಲ್ಲಿ ಒಂದು ತೆರೆ ಬಂದು ಅರ್ಧ ಮನೆಯನ್ನು ಒಯ್ದಿತು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ನೋಡುತ್ತ ನಿಂತು, “ಅಪ್ಪಾ, ಇಷ್ಟೊಂದು ಮರಳನ್ನು ಇಲ್ಲಿಗೆ ಯಾರು ತಂದುಹಾಕಿದರು?” ಎಂದು ಕೇಳಿದಳು.

“ಯಾರೂ ತಂದುಹಾಕಲಿಲ್ಲ ಪುಟ್ಟಿ, ಅದು ಮೊದಲಿನಿಂದಲೂ ಇಲ್ಲಿಯೇ ಇದೆ” ಎಂದೆ.

ಪಕ್ಕದಲ್ಲಿ ಕುಳಿತು ಚಿತ್ರಾನ್ನ ತಿನ್ನುತ್ತಿದ್ದ ಭಾವ ಗಹಗಹಿಸಿ ನಕ್ಕರು. ಅವರು ಕಟ್ಟಡದ ಇಂಜಿನಿಯರು. “ಅಲ್ಲಯ್ಯಾ ಮೇಷ್ಟ್ರೇ, ಒಂದೇ ವಾಕ್ಯದಲ್ಲಿ ಎರಡು ತಪ್ಪು ಹೇಳಿದೆಯಲ್ಲ! ಇದು ಇಲ್ಲಿಯ ಮರಳೂ ಅಲ್ಲ, ತಂದುಹಾಕುವವರು ಇಲ್ಲದೆಯೂ ಇಲ್ಲ. ಊಟ ಮುಗಿಯಲಿ, ತೋರಿಸುತ್ತೇನೆ” ಎಂದರು.

ಕಾಣದ ಹೊಳೆ

ಕಾರಿನಲ್ಲಿ ದಕ್ಷಿಣಕ್ಕೆ ಹೋಗುತ್ತ ಭಾವ ವಿವರಿಸಿದ ಸಂಗತಿಯ ಸಾರಾಂಶವಿದು. ಈ ಕರಾವಳಿಗೆ ಅಲೆಗಳು ಹೆಚ್ಚಾಗಿ ಆಗ್ನೇಯ ದಿಕ್ಕಿನಿಂದ ಬರುತ್ತವೆ; ದಡಕ್ಕೆ ನೇರವಾಗಿ ಬಾರದೆ ಓರೆಯಾಗಿ ಬಂದು ಬಡಿಯುತ್ತವೆ. ಅಲೆ ಮೇಲೇರುವಾಗ ಮರಳಿನ ಕಣವನ್ನು ಓರೆಯಾಗಿ ಹೊತ್ತುತರುತ್ತದೆ. ಹಿಂದೆ ಸರಿಯುವಾಗ ಇಳಿಜಾರಿನಲ್ಲಿ ನೆಟ್ಟಗೆ ಕೆಳಗಿಳಿಸುತ್ತದೆ. ಹೀಗೆ ಒಂದೊಂದು ಅಲೆಗೂ ಕಣವು ಒಂದೊಂದು ಹೆಜ್ಜೆ ಉತ್ತರಕ್ಕೆ ಸರಿಯುತ್ತದೆ. ಹಗಲಿಲ್ಲ, ಇರುಳಿಲ್ಲ, ಈ ಪಯಣಕ್ಕೆ ಬಿಡುವಿಲ್ಲ. ನ್ಯೂ ಸೌತ್ ವೇಲ್ಸ್ ರಾಜ್ಯದ ಕರಾವಳಿಯಿಂದ ಹೊರಟ ಮರಳು ಗಡಿ ದಾಟಿ ಕ್ವೀನ್ಸ್‌ಲ್ಯಾಂಡ್ ರಾಜ್ಯವನ್ನು ಹೊಕ್ಕು, ಗೋಲ್ಡ್ ಕೋಸ್ಟಿನ ಉದ್ದಕ್ಕೂ ನಡೆದು, ಉತ್ತರದ ದ್ವೀಪಗಳನ್ನು ಹಾದು, ನೂರಾರು ಕಿಲೋಮೀಟರ್ ಆಚೆ ಗರಿ ಎಂಬ ದ್ವೀಪದವರೆಗೂ ಸಾಗುತ್ತದೆ. ಹಿಂದೆ ಫ್ರೇಸರ್ ದ್ವೀಪವೆಂದು ಕರೆಯುತ್ತಿದ್ದ ಆ ದ್ವೀಪವು ಜಗತ್ತಿನ ಮರಳಿನ ದ್ವೀಪಗಳಲ್ಲೆಲ್ಲ ದೊಡ್ಡದು. ಉದ್ದ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಇಂತಹ ಕಣಗಳೇ ಯುಗಯುಗಗಳಿಂದ ಅಲ್ಲಿ ಬಂದು ಸೇರಿ ಅದನ್ನು ಕಟ್ಟಿವೆ.

ಎರಡು ರಾಜ್ಯಗಳ ಗಡಿಯನ್ನು ಹೀಗೆ ದಾಟುವ ಮರಳಿನ ಪ್ರಮಾಣ ವರ್ಷಕ್ಕೆ ಸರಾಸರಿ 5 ಲಕ್ಷ ಘನ ಮೀಟರ್. ಲಾರಿಯೊಂದಕ್ಕೆ ಹತ್ತು ಘನ ಮೀಟರ್ ತುಂಬಿದರೂ ದಿನವೊಂದಕ್ಕೆ ನೂರಮೂವತ್ತಕ್ಕೂ ಹೆಚ್ಚು ಲಾರಿಗಳು ಬೇಕಾದಾವು!

ಹಾಗಾದರೆ ಕಡಲ ದಂಡೆಯೆಂದರೇನು? ಅದೊಂದು ಸ್ಥಿರವಾದ ವಸ್ತುವಲ್ಲ, ಹರಿಯುವ ಹೊಳೆ. ಹೊಳೆಯ ದಡದಲ್ಲಿ ನಿಂತವನಿಗೆ ಕಾಣುವ ನೀರು ನಿನ್ನೆಯ ನೀರಲ್ಲ. ಆದರೂ ಹೊಳೆ ಅಲ್ಲಿಯೇ ಇರುತ್ತದೆ. ಮರಳಿನ ದಂಡೆಯೂ ಹಾಗೆಯೇ. ದಕ್ಷಿಣದಿಂದ ಬರುವಷ್ಟು ಮರಳು ಉತ್ತರಕ್ಕೆ ಹೋದರೆ ದಂಡೆ ಇದ್ದಂತೆ ಇರುತ್ತದೆ. ಬರುವುದು ನಿಂತು ಹೋಗುವುದು ಮಾತ್ರ ನಡೆದರೆ ಅದು ಬರಿದಾಗದೆ ಉಳಿದೀತೆ?

ಗಡಿಯ ಮೇಲೊಂದು ಗೋಡೆ

ಒಂದು ಗಂಟೆಯೊಳಗೆ ನಾವು ಗಡಿಯನ್ನು ತಲುಪಿದೆವು. ಅಲ್ಲಿ ಎರಡು ಊರುಗಳು ಅಂಟಿಕೊಂಡಿವೆ: ಈಚೆ ಕ್ವೀನ್ಸ್‌ಲ್ಯಾಂಡಿನ ಕೂಲಂಗಟ್ಟ, ಆಚೆ ನ್ಯೂ ಸೌತ್ ವೇಲ್ಸಿನ ಟ್ವೀಡ್ ಹೆಡ್ಸ್. ನಡುವೆ ಒಂದು ಬೀದಿ ಮಾತ್ರ. ಬೇಸಗೆಯಲ್ಲಿ ಆಚೆಯ ರಾಜ್ಯದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಈಚೆಯವರು ಇಡುವುದಿಲ್ಲ. ಆದುದರಿಂದ ಬೀದಿ ದಾಟಿದರೆ ಹೊಸ ವರ್ಷವನ್ನು ಒಂದೇ ರಾತ್ರಿ ಎರಡು ಸಲ ಸ್ವಾಗತಿಸಬಹುದು! ಹೀಗೆ ಗಡಿಯಾರದಲ್ಲಿಯೂ ಒಂದಾಗದ ಎರಡು ರಾಜ್ಯಗಳ ಗಡಿಯ ಪಕ್ಕದಲ್ಲಿಯೇ ಟ್ವೀಡ್ ನದಿ ಕಡಲನ್ನು ಸೇರುತ್ತದೆ.

ನದಿಯ ಅಳಿವೆಯ ಬಾಯಿ ಮೀನುಗಾರರಿಗೆ ಹಿಂದಿನಿಂದಲೂ ಕಂಟಕವಾಗಿತ್ತು. ಉತ್ತರಕ್ಕೆ ಸಾಗುವ ಮರಳು ಅಳಿವೆಗೆ ಅಡ್ಡಲಾಗಿ ದಿಬ್ಬ ಕಟ್ಟುತ್ತಿತ್ತು. ದಿಬ್ಬದ ಮೇಲೆ ಅಲೆಗಳು ಒಡೆದು ದೋಣಿಗಳಿಗೆ ಅಪಾಯ ತರುತ್ತಿದ್ದುವು. ಇದಕ್ಕೆ ಪರಿಹಾರವಾಗಿ ಬಾಯಿಯ ಎರಡೂ ಬದಿಗೆ ಹಿಂದೆಯೇ ಕಟ್ಟಿದ್ದ ಕಲ್ಲಿನ ಗೋಡೆಗಳನ್ನು 1962ರಲ್ಲಿ ಮೊದಲುಮಾಡಿ ಸುಮಾರು 380 ಮೀಟರ್‌ಗಳಷ್ಟು ಕಡಲಿನೊಳಕ್ಕೆ ಚಾಚಿದರು. ದೋಣಿಗಳ ದಾರಿ ಸುಗಮವಾಯಿತು. ಮೀನುಗಾರರ ಪ್ರಾಣ ಉಳಿಸುವ ಕೆಲಸವನ್ನು ಯಾರು ತಾನೆ ತಪ್ಪೆಂದಾರು?

ಆದರೆ ಮರಳಿನ ಹೊಳೆಗೆ ಆ ಗೋಡೆ ಅಣೆಕಟ್ಟಾಯಿತು. ದಕ್ಷಿಣದ ಗೋಡೆಯ ಹಿಂದೆ, ನ್ಯೂ ಸೌತ್ ವೇಲ್ಸಿನ ನೆಲದಲ್ಲಿ, ವರ್ಷವರ್ಷವೂ ಮರಳು ರಾಶಿ ಬಿದ್ದಿತು. ದಂಡೆ ಕಡಲಿನತ್ತ ಬೆಳೆಯಿತು. ಉತ್ತರಕ್ಕಿದ್ದ ಕೂಲಂಗಟ್ಟ, ಕಿರ್ರಾ ದಂಡೆಗಳಿಗೆ ಬರುತ್ತಿದ್ದ ಮರಳು ನಿಂತಿತು. ಅಲೆಗಳಾದರೋ ತಮ್ಮ ಕಾಯಕವನ್ನು ಬಿಡಲಿಲ್ಲ. ಇದ್ದ ಮರಳನ್ನೇ ಹೊತ್ತು ಉತ್ತರಕ್ಕೆ ನಡೆದುವು. ಒಬ್ಬರ ಕಣಜ ತುಂಬಿದಷ್ಟೂ ಇನ್ನೊಬ್ಬರ ಕಣಜ ಬರಿದಾಯಿತು.

1967ರ ಗಾಳಿಮಳೆ

ಈ ನಡುವೆ 1967ರಲ್ಲಿ ಚಂಡಮಾರುತಗಳೂ ಬಿರುಗಾಳಿಗಳೂ ಒಂದರ ಹಿಂದೊಂದು ಬಂದೆರಗಿದುವು. ಗೋಲ್ಡ್ ಕೋಸ್ಟಿನ ಉದ್ದಕ್ಕೂ ದಂಡೆಗಳು ಕೊಚ್ಚಿಹೋದುವು. ಕಡಲಿಗೆ ಮುಖ ಮಾಡಿದ ಮನೆಗಳ ಬುಡಕ್ಕೇ ಅಲೆ ಬಂದಿತು. ಜನ ಮರಳಿನ ಚೀಲಗಳನ್ನೂ ಬಂಡೆಗಳನ್ನೂ ಒಡ್ಡಿ ಮನೆ ಉಳಿಸಿಕೊಳ್ಳಲು ಹೆಣಗಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಿರುಗಾಳಿಯಲ್ಲಿ ಕಡಲು ದಂಡೆಯ ಮರಳನ್ನು ಒಯ್ಯುವುದು ನಿಜ. ಆದರೆ ಅದನ್ನು ಬಹು ದೂರ ಒಯ್ಯುವುದಿಲ್ಲ. ದಡದಿಂದ ಸ್ವಲ್ಪ ಆಚೆ ನೀರಿನಡಿ ದಿಬ್ಬವಾಗಿ ಇಡುತ್ತದೆ. ಆ ದಿಬ್ಬವೇ ಮುಂದೆ ಬರುವ ದೊಡ್ಡ ಅಲೆಗಳನ್ನು ದೂರದಲ್ಲಿಯೇ ಒಡೆದು ದಡವನ್ನು ಕಾಯುತ್ತದೆ. ಗಾಳಿ ತಣಿದ ಮೇಲೆ ಸಣ್ಣ ಅಲೆಗಳು ತಿಂಗಳುಗಟ್ಟಲೆ ದುಡಿದು ಅದರಲ್ಲಿ ಹೆಚ್ಚಿನ ಭಾಗವನ್ನು ದಂಡೆಗೆ ಹಿಂದಿರುಗಿಸುತ್ತವೆ. ದಂಡೆಯ ಹಿಂದಿನ ಮರಳುಗುಡ್ಡಗಳು ಇಂಥ ಆಪತ್ಕಾಲಕ್ಕೆಂದೇ ಪ್ರಕೃತಿ ಕೂಡಿಟ್ಟ ಠೇವಣಿ. ಮನುಷ್ಯನು ವಿಹಾರದ ಆಸೆಯಿಂದ ಆ ಠೇವಣಿಯ ಮೇಲೆಯೇ ಮನೆ, ಹೋಟೆಲು, ರಸ್ತೆಗಳನ್ನು ಕಟ್ಟಿಬಿಟ್ಟ. ಕಡಲು ತನ್ನ ಹಣವನ್ನು ಹಿಂದಕ್ಕೆ ಪಡೆಯಲು ಬಂದಾಗ ಬಾಗಿಲಲ್ಲಿ ಅಡ್ಡ ನಿಂತ!

ನಮ್ಮ ಭಾಷೆಯ ಒಂದು ಸೊಗಸು ನನಗೆ ಅಲ್ಲಿ ನೆನಪಾಯಿತು. ನಮ್ಮ ಕರಾವಳಿಯವರು ಇದನ್ನು ಹೊಯಿಗೆ ಎನ್ನುವರು, ಉತ್ತರದವರು ಉಸುಕು ಎನ್ನುವರು. ಆದರೆ ಮರಳು ಎಂದವರು ತಿಳಿಯದೆಯೇ ಅದರ ಗುಣವನ್ನೂ ಹೇಳಿದಂತಾಯಿತು. ಮರಳುವುದು, ಎಂದರೆ ಹಿಂತಿರುಗುವುದು. ಕಡಲು ಒಯ್ದ ಮರಳು ಮರಳುತ್ತದೆ. ಗೋಡೆ ತಡೆದ ಮರಳು ತಾನಾಗಿ ಮರಳುವುದಿಲ್ಲ.

ಒಬ್ಬರ ಪರಿಹಾರ, ಇನ್ನೊಬ್ಬರ ಸಂಕಟ

ಆ ಅನಾಹುತದ ಮರುವರ್ಷ, 1968ರಲ್ಲಿ, ಕ್ವೀನ್ಸ್‌ಲ್ಯಾಂಡ್ ಸರಕಾರವು ಕಡಲ ದಂಡೆಗಳ ರಕ್ಷಣೆಗಾಗಿಯೇ ಒಂದು ಶಾಸನ ಮಾಡಿತು. ಕಡಲಿನೊಡನೆ ಹೋರಾಡಿಯೇ ನೆಲ ಉಳಿಸಿಕೊಂಡಿರುವ ಹಾಲೆಂಡ್ ದೇಶದ ಡೆಲ್ಫ್ಟ್ ಪ್ರಯೋಗಶಾಲೆಯ ತಜ್ಞರು ಸ್ಥಿತಿಯನ್ನು ಪರೀಕ್ಷಿಸಿ 1970ರಲ್ಲಿ ವರದಿ ಕೊಟ್ಟರು. ಮರಳಿನ ಹರಿವಿನ ಲೆಕ್ಕ ಆಗ ಬೆಳಕಿಗೆ ಬಂದಿತು.

ಆದರೆ ಹಸಿದವನು ಲೆಕ್ಕ ಕೇಳಿಕೊಂಡು ಕುಳಿತಾನೆಯೆ? 1972ರಲ್ಲಿ ಕಿರ್ರಾ ಭೂಶಿರದಲ್ಲಿ ದಡದಿಂದ ಕಡಲಿಗೆ ಚಾಚಿದ ಕಲ್ಲಿನ ಅಡ್ಡಗಟ್ಟೆಯೊಂದನ್ನು ಕಟ್ಟಿದರು. ಅದು ಹಾದುಹೋಗುತ್ತಿದ್ದ ಅಲ್ಪಸ್ವಲ್ಪ ಮರಳನ್ನು ಹಿಡಿದು ಕೂಲಂಗಟ್ಟಕ್ಕೆ ದಂಡೆಯನ್ನು ಉಳಿಸಿಕೊಟ್ಟಿತು. ಆಚೆಯ ಕಿರ್ರಾದ ಪಾಲಿನ ಮರಳು ಅಷ್ಟಕ್ಕಷ್ಟು ಕಡಿಮೆಯಾಯಿತು. ಎರಡು ವರ್ಷಗಳಲ್ಲಿ ಕಿರ್ರಾದಲ್ಲಿಯೂ ಒಂದು ಅಡ್ಡಗಟ್ಟೆ ಎದ್ದಿತು. ಮೊದಲ ಗೋಡೆ ನೆರೆರಾಜ್ಯದ್ದು, ಮುಂದಿನವು ತಮ್ಮವೇ. ಎಲ್ಲಕ್ಕೂ ಕಾರಣವಿತ್ತು, ಯಾರದೂ ದುರುದ್ದೇಶವಲ್ಲ. ಆದರೂ ಪ್ರತಿಯೊಂದು ಗೋಡೆಯೂ ಹಸಿವನ್ನು ನೀಗಿಸಲಿಲ್ಲ, ಪಕ್ಕದ ಮನೆಗೆ ದಾಟಿಸಿತು ಅಷ್ಟೆ.

ಕೊನೆಗೆ ಟ್ವೀಡ್ ಅಳಿವೆಯ ಗೋಡೆಗಳೂ ಸೋತುವು. ಗೋಡೆಯ ಹಿಂದಿನ ಮೂಲೆ ತುಂಬಿದ ಮೇಲೆ ಮರಳು ಅದರ ತುದಿಯನ್ನು ಸುತ್ತಿ ಬಂದು ಮತ್ತೆ ಅಳಿವೆಗೆ ಅಡ್ಡಲಾಗಿ ದಿಬ್ಬ ಕಟ್ಟತೊಡಗಿತು. ಈಗ ಉತ್ತರದವರಿಗೆ ದಂಡೆಯಿಲ್ಲ, ದಕ್ಷಿಣದವರಿಗೆ ದೋಣಿಯ ದಾರಿಯಿಲ್ಲ. ಇಬ್ಬರಿಗೂ ನೋವಾದಾಗಲೇ ರಾಜಿಗೆ ಮುಹೂರ್ತ ಕೂಡಿಬರುವುದೆಂಬುದು ಲೋಕದ ಅನುಭವ.

1995ರಲ್ಲಿ ಎರಡೂ ಸರಕಾರಗಳು ಒಂದು ಕರಾರಿಗೆ ಸಹಿ ಹಾಕಿದುವು. ನ್ಯೂ ಸೌತ್ ವೇಲ್ಸ್ ಅದೇ ವರ್ಷ, ಕ್ವೀನ್ಸ್‌ಲ್ಯಾಂಡ್ 1998ರಲ್ಲಿ, ಅದನ್ನು ಶಾಸನವಾಗಿ ಅಂಗೀಕರಿಸಿದುವು. ಕರಾರಿನ ತಿರುಳು ಎರಡು ಮಾತು: ಅಳಿವೆಯ ಬಾಯಿ ದೋಣಿಗಳಿಗೆ ತೆರೆದಿರಬೇಕು; ಅಲೆಗಳು ಸಹಜವಾಗಿ ಎಷ್ಟು ಮರಳನ್ನು ಉತ್ತರಕ್ಕೆ ಒಯ್ಯುತ್ತಿದ್ದುವೋ ಅಷ್ಟನ್ನು ಮನುಷ್ಯನೇ ದಾಟಿಸಿಕೊಡಬೇಕು. ಖರ್ಚಿನಲ್ಲಿ ಇಬ್ಬರಿಗೂ ಪಾಲು. ಮೊದಲ ಹಂತದಲ್ಲಿ, 1998ರ ವೇಳೆಗೆ, ಹೂಳೆತ್ತುವ ಹಡಗುಗಳು ಸುಮಾರು 30 ಲಕ್ಷ ಘನ ಮೀಟರ್ ಮರಳನ್ನು ದಾಟಿಸಿದುವು.

ಮರಳು ದಾಟಿಸುವ ಸೇತುವೆ

ಭಾವ ನಮಗೆ ತೋರಿಸಬೇಕೆಂದಿದ್ದುದು ಎರಡನೆಯ ಹಂತವನ್ನು. ನದಿಯ ದಕ್ಷಿಣಕ್ಕೆ, ಕಡಲಿನೊಳಕ್ಕೆ 450 ಮೀಟರ್ ಚಾಚಿಕೊಂಡು, ಕಂಬಗಳ ಮೇಲೆ ನಿಂತ ಒಂದು ಉದ್ದನೆಯ ಜೆಟ್ಟಿ. ಹಡಗು ಕಟ್ಟುವುದಕ್ಕಲ್ಲ, ಅದರ ಕೆಳಗೆ ಮರಳಿನಲ್ಲಿ ಹುದುಗಿದ ಪಂಪುಗಳಿವೆ. ದಕ್ಷಿಣದಿಂದ ಬಂದ ಮರಳು ಪಂಪುಗಳ ಸುತ್ತಲಿನ ಗುಂಡಿಗಳಿಗೆ ಬೀಳುತ್ತದೆ. ಪಂಪುಗಳು ಅದನ್ನು ನೀರಿನೊಡನೆ ಕಲಸಿ ಗಂಜಿಯಂತೆ ಮಾಡಿ ಮೇಲೆಳೆಯುತ್ತವೆ. ಅಲ್ಲಿಂದ ಅದು ನದಿಯ ತಳದಡಿ ಹಾಸಿದ ಕೊಳವೆಗಳ ಮೂಲಕ ಹಾದು, ಗಡಿ ದಾಟಿ, ಕೂಲಂಗಟ್ಟದ ಬದಿಯ ಸ್ನ್ಯಾಪರ್ ರಾಕ್ಸ್ ಎಂಬ ಬಂಡೆಗಳ ಬಳಿ ಕಡಲಿಗೆ ಬೀಳುತ್ತದೆ. ಮುಂದಿನ ಸಾಗಣೆ ಅಲೆಗಳ ಪಾಲಿನದು. 2001ರಿಂದ ಈ ಕೆಲಸ ನಡೆದುಬಂದಿದೆ.

“ನೋಡು ಪುಟ್ಟಿ, ತಂದುಹಾಕುವವರು ಇವರೇ” ಎಂದರು ಭಾವ. ಅವಳು ಜೆಟ್ಟಿಯನ್ನು ಬಹಳ ಹೊತ್ತು ನೋಡಿದಳು. “ಮರಳಿಗೂ ನಲ್ಲಿ ಇದೆ!” ಎಂದು ಉದ್ಗರಿಸಿದಳು. ಅದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಈವರೆಗೆ ಕೇಳಿಲ್ಲ.

ಎಲ್ಲರಿಗೂ ಹಿತವಾದುದು ಇದೆಯೆ?

ಕಥೆ ಇಲ್ಲಿಗೇ ಸುಖಾಂತವಾಯಿತೆಂದು ನಾನು ಭಾವಿಸಿದ್ದೆ. ಸಂಜೆ ಕಿರ್ರಾದ ದಂಡೆಯಲ್ಲಿ ಗಾಳ ಹಾಕಿ ನಿಂತಿದ್ದ ಒಬ್ಬ ವೃದ್ಧರು ಆ ಭಾವನೆಯನ್ನು ತಿದ್ದಿದರು. ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ ಅಂತೆ. “ನಾನು ಹುಡುಗನಾಗಿದ್ದಾಗ ಇಲ್ಲಿ ಮರಳಿತ್ತು. ಮದುವೆಯಾದ ಕಾಲಕ್ಕೆ ಬರಿಯ ಕಲ್ಲಿತ್ತು. ಮೊಮ್ಮಗಳನ್ನು ಕರೆತಂದಾಗ ಎಷ್ಟು ಮರಳೆಂದರೆ, ನೀರು ಮುಟ್ಟುವಷ್ಟರಲ್ಲಿ ಅವಳಿಗೆ ಕಾಲು ನೋಯುತ್ತಿತ್ತು” ಎಂದು ನಕ್ಕರು.

ಮೊದಲ ವರ್ಷಗಳಲ್ಲಿ, ಹಿಂದಿನ ಬಾಕಿಯನ್ನು ತೀರಿಸುವ ಸಲುವಾಗಿ, ಬಹಳ ಮರಳನ್ನು ದಾಟಿಸಿದ್ದರು. ಅದು ಕಿರ್ರಾದಲ್ಲಿ ಬಂದು ತಂಗಿ ದಂಡೆಯನ್ನು ವಿಪರೀತ ಅಗಲವಾಗಿಸಿತು. ನೀರಿನೊಳಗಿನ ಬಂಡೆಗಳನ್ನೂ ಅಲ್ಲಿ ನೆಲೆಸಿದ್ದ ಜೀವಕೋಟಿಯನ್ನೂ ಬಹುಮಟ್ಟಿಗೆ ಹೂತುಹಾಕಿತು. ಇನ್ನು ಅಲೆಯಾಟದವರ ಗೋಳು ಬೇರೆ. ಅಲೆ ಹೇಗೆ ಮಡಚಿ ಒಡೆಯಬೇಕೆಂಬುದನ್ನು ನಿರ್ಧರಿಸುವುದು ತಳದ ಮರಳು. ಸ್ನ್ಯಾಪರ್ ರಾಕ್ಸಿನಿಂದ ಕಿರ್ರಾದ ಕಡೆಗೆ ಹೊಸ ಮರಳುದಿಬ್ಬವೊಂದು ಬೆಳೆದು, ‘ಸೂಪರ್‌ಬ್ಯಾಂಕ್’ ಎಂಬ ಹೆಸರಿನಿಂದ ಜಗತ್ತಿಗೆಲ್ಲ ಪ್ರಸಿದ್ಧವಾಯಿತು. ಒಂದೇ ಅಲೆಯ ಮೇಲೆ ಬಹು ದೂರ ಜಾರಬಹುದು. ಆದರೆ ಅದಕ್ಕಿಂತ ಮೊದಲೇ ಪ್ರಸಿದ್ಧವಾಗಿದ್ದ ಕಿರ್ರಾದ ಅಲೆ ಕೆಟ್ಟುಹೋಯಿತು. ಹಳಬರು ಅದಕ್ಕಾಗಿ ಮರುಗಿದರು, ಅಧಿಕಾರಿಗಳಲ್ಲಿ ಮೊರೆಯಿಟ್ಟರು. 1996ರಲ್ಲಿ ಮೂವತ್ತು ಮೀಟರ್ ಮೊಟಕುಗೊಳಿಸಿದ್ದ ಕಿರ್ರಾದ ಅಡ್ಡಗಟ್ಟೆಯನ್ನು 2013ರಲ್ಲಿ ಮತ್ತೆ ಅಷ್ಟೇ ಉದ್ದಕ್ಕೆ ಬೆಳೆಸಿದ್ದೂ ಇಂತಹ ಒತ್ತಾಯದಿಂದಲೇ.

ದೋಣಿಯವನಿಗೆ ಅಳಿವೆಯಲ್ಲಿ ಮರಳು ಬೇಡ. ಹೋಟೆಲಿನವನಿಗೆ ದಂಡೆಯ ಮೇಲೆ ಮರಳು ಬೇಕು. ಅಲೆಯಾಟದವನಿಗೆ ನೀರಿನಡಿ, ತಾನು ಹೇಳಿದ ಜಾಗದಲ್ಲಿ ಬೇಕು. ಬಂಡೆಯ ಸಂದಿನ ಮೀನಿಗೆ ಎಲ್ಲಿಯೂ ಬೇಡ. ಆದರೆ ಅದನ್ನು ಕೇಳುವವರಾರು? ಆದರೂ ನನಗೆ ಮೆಚ್ಚುಗೆಯಾದುದು ಒಂದು ಸಂಗತಿ. ಇಂದು ಅಲ್ಲಿ ವಾದ ನಡೆಯುವುದು ‘ಎಷ್ಟು ಮರಳು, ಎಲ್ಲಿಗೆ, ಯಾವಾಗ’ ಎಂಬುದರ ಮೇಲೆ. ‘ಮರಳು ನನ್ನದು’ ಎಂಬ ವಾದ ಹಿಂದೆ ಬಿದ್ದಿದೆ. ಅಳೆದು ತೂಗಿ ತಿದ್ದಿಕೊಳ್ಳುವ ದಾರಿ ತೆರೆದಿದೆ.

ಗೋಲ್ಡ್ ಕೋಸ್ಟಿನ ಉತ್ತರದ ತುದಿಯಲ್ಲಿ ಇದಕ್ಕಿಂತ ಮೊದಲೇ ನಡೆದ ಇನ್ನೊಂದು ಕೆಲಸವನ್ನೂ ಹೇಳದೆ ಇರಲಾರೆ. ಅಲ್ಲಿ ನೆರಂಗ್ ನದಿಯ ಅಳಿವೆ ವರ್ಷೇ ವರ್ಷೇ ಉತ್ತರಕ್ಕೆ ಸರಿಯುತ್ತಿತ್ತು. ಅದನ್ನು ಒಂದೆಡೆ ನಿಲ್ಲಿಸಲು ಕ್ವೀನ್ಸ್‌ಲ್ಯಾಂಡಿನವರೇ ಗೋಡೆ ಕಟ್ಟಬೇಕಾಯಿತು. ಈಗ ಅವರೇ ‘ಮೇಲಿನವರು’! ಗೋಡೆಯ ಆಚೆಯ ಸೌತ್ ಸ್ಟ್ರಾಡ್‌ಬ್ರೋಕ್ ದ್ವೀಪವು ಬಾಯಿಲ್ಲದ ನೆರೆಯವನು. ಆದರೆ ಬಿಸಿ ತಾಗಿದವರಿಗೆ ಬುದ್ಧಿ ಬಂದಿತ್ತು. 1986ರಲ್ಲಿ ಮುಗಿದ ಆ ಕಾಮಗಾರಿಯಲ್ಲಿ ಗೋಡೆಯ ಜೊತೆಗೇ ಮರಳು ದಾಟಿಸುವ ಜೆಟ್ಟಿಯನ್ನೂ ಕಟ್ಟಿದರು. ತಮಗಾದ ನೋವನ್ನು ಮುಂದಿನವರಿಗೆ ದಾಟಿಸಲಿಲ್ಲ, ಮರಳನ್ನು ದಾಟಿಸಿದರು.

ಮತ್ತೊಂದು ಬಿರುಗಾಳಿ

ನಾವು ಊರಿಗೆ ಹಿಂತಿರುಗಿ ಎರಡು ವರ್ಷವಾಗುತ್ತಿತ್ತು. 2025ರ ಮಾರ್ಚಿಯಲ್ಲಿ ‘ಆಲ್ಫ್ರೆಡ್’ ಎಂಬ ಚಂಡಮಾರುತ ಆ ಕರಾವಳಿಯನ್ನು ದಿನಗಟ್ಟಲೆ ಕಾಡಿತು. ಅಕ್ಕ ಫೋನು ಮಾಡಿ, “ನಾವು ಕೂತು ಊಟ ಮಾಡಿದ ಜಾಗ ಇಲ್ಲ ಕಣೋ. ಅಲ್ಲಿ ಈಗ ಆಳುದ್ದಕ್ಕೂ ಮಿಕ್ಕಿ ಕಡಿದಾದ ಗೋಡೆಯಂತಾಗಿದೆ” ಎಂದಳು. ದಂಡೆಯ ಮೆಟ್ಟಿಲುಗಳು ಅಂತರದಲ್ಲಿ ತೂಗುತ್ತಿದ್ದುವಂತೆ. ಮುಂದೆ ಕಡಲ ತಳದಿಂದ ಮರಳೆತ್ತಿ ದಡಕ್ಕೆ ಸುರಿಯುವ ಕಾರ್ಯ ನಡೆಯಿತು. ಉಳಿದುದನ್ನು ಅಲೆಗಳಿಗೆ ಬಿಡಬೇಕು. ಬಿರುಗಾಳಿಯ ಸಾಲ ಬೇಗ ತೀರುವುದಿಲ್ಲ. ಆದರೆ ಮರಳಿನ ಹೊಳೆ ತಡೆಯಿಲ್ಲದೆ ಹರಿಯುತ್ತಿರುವವರೆಗೆ ತೀರುತ್ತದೆಂಬ ಭರವಸೆಯಿದೆ.

ನಮ್ಮ ಮಂಗಳೂರಿನ ಬಳಿ ನೇತ್ರಾವತಿ-ಗುರುಪುರ ನದಿಗಳ ಅಳಿವೆಗೂ ತಡೆಗೋಡೆಗಳಿವೆ; ಅದರ ದಕ್ಷಿಣಕ್ಕಿರುವ ಉಳ್ಳಾಲದ ದಡದಲ್ಲಿ ಮಳೆಗಾಲ ಬಂತೆಂದರೆ ಕಡಲ್ಕೊರೆತದ ಭಯ. ಅಲ್ಲಿಯ ಅಲೆಗಳ ನಡೆ ಬೇರೆ, ಮರಳಿನ ಲೆಕ್ಕ ಬೇರೆ. ಒಂದೆಡೆಯ ಮದ್ದು ಇನ್ನೊಂದೆಡೆಗೆ ಹಾಗೆಯೇ ಸಲ್ಲದು. ಆದರೆ ಕಲ್ಲು ಸುರಿಯುವ ಮುನ್ನ ಕೇಳಬೇಕಾದ ಪ್ರಶ್ನೆ ಎಲ್ಲ ದಡಗಳಿಗೂ ಒಂದೇ: ಈ ಮರಳು ಎಲ್ಲಿಂದ ಬರುತ್ತಿದೆ, ನಮ್ಮನ್ನು ದಾಟಿ ಯಾರ ಮನೆಯಂಗಳಕ್ಕೆ ಹೋಗಬೇಕಾಗಿದೆ?

ಅಕ್ಕನ ಫೋನಿನ ದಿನ ನನ್ನ ಮಗಳು ಭೂಪಟವನ್ನು ತೆಗೆದು ಕುಳಿತಳು. ಅವಳಿಗೀಗ ಒಂಬತ್ತು ವರ್ಷ. ಗೋಲ್ಡ್ ಕೋಸ್ಟಿನ ಮೇಲೆ ಬೆರಳಿಟ್ಟು, ಮೆಲ್ಲಮೆಲ್ಲನೆ ಉತ್ತರಕ್ಕೆ ಎಳೆಯುತ್ತ, “ಅಪ್ಪಾ, ನಾನು ಕಟ್ಟಿದ ಮನೆಯ ಮರಳು ಈಗ ಎಲ್ಲಿಗೆ ಹೋಗಿ ತಲುಪಿರಬಹುದು?” ಎಂದು ಕೇಳಿದಳು.

ಈ ಸಲ ನಾನು ಉತ್ತರಕ್ಕೆ ಅವಸರಪಡಲಿಲ್ಲ. ಅವಳ ಪಕ್ಕದಲ್ಲಿ ಕುಳಿತು ನಾನೂ ಭೂಪಟವನ್ನು ನೋಡತೊಡಗಿದೆ.